ಅಮಾಸಿ ದಿನದ ರಸ್ತೆ

...ಚಾಪಿ ಬ್ಯಾಡ ಬಿಡ ಮುತ್ತವ್ವ, ನೆಲಾ ತಂಪೈತಿ, ಹಿಂಗs ಕುಂದರ್ತೇನಿ. ಅಂಗಡ್ಯಾಗ ನಿಮ್ಮ ಸಾಲಿನ್ಯಾಗ ನಾನೂ ಎಷ್ಟ ಸಲ ಕುಂತು ಮಾತಾಡಿಲ್ಲ? ಬ್ಯಾಡಂದ್ರೂ ಹಾಸೇಬಿಟ್ಟಿ. ಇರ್ಲಿ. ಈ ಡಬ್ಬಿ ತಗೋ, ಗೋಧಿ ಹುಗ್ಗಿ. ಮುಂಜಾನೆ ನಾನs ನಿಂತು ಮಾಡೇನಿ. ಆಳಿನ ಕೈಲೆ ಕಳಸಬೌದಿತ್ತು, ಮನಸ್ಸ ಬರಲಿಲ್ಲ. ತಂಗಿ ಒಳಗ ಮಲಗ್ಯಾಳೇನು, ದೇವವ್ವ? ಎಬ್ಬಸಬ್ಯಾಡ, ಎಬ್ಬಸಬ್ಯಾಡ. ಆ ಬಾಗಲಾ ಒಂಚೂರು ಮುಂದಕ್ಕ ಮಾಡು, ನನ್ನ ದನಿ ದೊಡ್ಡದು. ನಾ ಗೋದಾಮಿನ್ಯಾಗ ಒದರಿದ್ರ ನಮ್ಮ ಮನಿಯವರು ಪ್ಯಾಟ್ಯಾಗ ಎಲ್ಲೋ ನಿಂತು ಹೂಂ ಅಂತಾರ.

ಕಾಲು ಮಡಚಾಕ ಬರ್ತೈತೇನು ಆಕಿಗೆ? ...ಇಲ್ಲಾ? ಒಟ್ಟs ಇಲ್ಲಾ? ರಾಡ್ ಹಾಕಿದ್ರ ಮೊದಲಿನಂಗ ಆಗತೈತಿ ಅಂದಿದ್ರಂತಲ್ಲ ಹುಬ್ಬಳ್ಳಿ ಡಾಕ್ಟರು... ಹೂಂ. ದಿನಾಪೂರ್ತಿ ಮೆಣಸಿನಕಾಯಿ ರಾಶಿ ಮುಂದ ಕಾಲು ಮಡಚಿ ಕುಂತು ತೊಟ್ಟು ಬಿಡಸಬೇಕು, ನಿಂತು ಮಾಡೂ ಕೆಲಸ ಅಲ್ಲ ಅದು. ನಾ ಒಂದು ವಿಚಾರ ಮಾಡೇನಿ ಕೇಳು. ಆಕಿಗೆ ಕುರ್ಚಿ ಹಾಕಸ್ತೇನಿ, ಮುಂದ ಒಂದು ಮೇಜು. ಮ್ಯಾಲೆ ಕುಂತು ಬಿಡಸ್ಲಿ, ಸಾಹೇಬರಂಗ. ಯಾಕ ನಗ್ತಿ? ಖರೇ ಹೇಳ್ತೇನಿ, ಹಾಕಸ್ತೇನಿ. ಆಕಿ ಕೆಲಸ ನಾ ಬಿಡಸೂದಿಲ್ಲ.

ದವಾಖಾನಿಗೆ ಬರಲಿಲ್ಲ ಅಂತ ನಿನಗ ಸಿಟ್ಟೈತಿ. ಬಾಯಿ ಬಿಟ್ಟು ಅನ್ನಂಗಿಲ್ಲ ನೀ, ಮಾರಿ ಮ್ಯಾಲ ಕಾಣತೈತಿ. ಬರಬೇಕಂತs ಇದ್ದೆ. ಒಂದು ದಿನಾ ಸೀರಿ ಉಟಗೊಂಡು ಹಾವೇರಿತನಕಾ ಹೋದ್ನಿ ನೋಡು. ಅಲ್ಲಿ ಹುಬ್ಬಳ್ಳಿ ಬಸ್ಸು ಎರಡು ಬಿಟ್ಟೆ. ಒಲ್ಲೆ ಅಂತ ತಿರಗಿ ಬಂದೆ. ಇರ್ಲಿ, ಈಗ ಬಂದೇನೆಲ್ಲ.

ಬಂದದ್ದು ಒಂದು ಕೆಲಸಕ್ಕ. ನಾಳೆ ನಮ್ಮ ರಸ್ತೆ ಸಮಿತಿಯವರು ಮತ್ತ ಬರ್ತಾರ ನೋಡಾಕ. ಹೌದು, ಅದs ಜಾಗಾ, ನಮ್ಮ ಗೋದಾಮಿನ ಮುಂದ, ದೇವವ್ವಗ ಟ್ರ್ಯಾಕ್ಸ್ ಗಾಡಿ ಬಡದ ಜಾಗಾ. ಊರಾಗ ಗಾಡಿ ಹ್ಯಾಂಗ ಹೋಗಬೇಕು, ಮಂದಿ ಎಲ್ಲಿ ದಾಟಬೇಕು ಅಂತ ಸಲಹಾ ಕೊಡಾಕ ಸಮಿತಿ ಮಾಡಿದಾಗ ಹೆಣ್ಮಕ್ಕಳ ಪರವಾಗಿ ಒಬ್ಬಾಕಿ ಬೇಕು ಅಂದ್ರು, ನನ್ನ ಹೆಸರು ಹಾಕಿದ್ರು. ಅವತ್ತ ನಿಮಗೆಲ್ಲಾ ಎಷ್ಟ ಖುಷಿ ಆಗಿತ್ತು. ದೇವವ್ವ ಅಂತೂ ಕೈಯಾಗಿನ ಕಾಯಿ ಒಗದು ಎದ್ದು ಬಂದ್ಲು. ಅಕ್ಕಾರ, ಓಣಿಯಿಂದ ಕೆಲಸಕ್ಕ ಬರಬೇಕಂದ್ರ ದಿನಾ ಜೀವಾ ಕೈಯಾಗ ಹಿಡಕೊಂಡು ದಾಟತೇವಿ, ಒಂದು ಹಂಪ್ ಹಾಕಸ್ರಿ ಅಂದ್ಲು. ನೀನೂ ಅಲ್ಲೇ ಇದ್ದಿ. ಹಾಕಸ್ತೇನಿ ಅಂತ ಮಾತು ಕೊಟ್ಟೆ. ಸಭಾದಾಗ ಹೇಳಿದೆ ಕೂಡ.

ಸಭಾ ಅಂದ್ರ ನಿನಗೇನ್ ಗೊತ್ತು. ಕರಬಸಪ್ಪನವರು ಅಧ್ಯಕ್ಷರು. ಅವರಿಗೆ ಭಜಿ ಬರೂತನಕಾ ನಿದ್ದಿ, ಭಜಿ ಬಂದಮ್ಯಾಲೆ ಎಚ್ಚರ. ಫಕ್ಕೀರಸಾಬ ಆಟೋದವರ ಪರವಾಗಿ ಬಂದಾನ. ಗಟಾರದ ಮಾತು ಎತ್ತಿದ್ರೂ ನಮ್ಮ ಆಟೋಸ್ಟ್ಯಾಂಡ್ ಎಲ್ಲಿ ಮಾಡ್ತೀರಿ ಅಂತಾನ. ಒಂದು ಇಡೀ ಸಭಾ ಬಸ್ ಸ್ಟ್ಯಾಂಡಿನ ಮುಂದ ಅಡ್ಡಾಡೂ ಎಮ್ಮಿ ಯಾರವು ಅಂತ ಜಗಳಾಡೂದರಾಗs ಮುಗೀತು. ಕಡೀಕ ನೋಡಿದ್ರ ಅವು ಕರಬಸಪ್ಪನವರ ಭಾಂವಂದಿರವು! ...ಹಾಂ, ಈಗ ನಕ್ಕಿ ನೋಡು. ನಗು ತಾಯಿ. ನೀ ನಕ್ಕು ಎಷ್ಟ ದಿನಾ ಆತೋ.

ಹಂಪ್ ಮಾತಿಗೆ ಎಂಜಿನಿಯರ ಏನಂದಾ ಅಂದ್ರ, ಸುಮ್ನ ಹಾಕಾಕ ಆಗೂದಿಲ್ರಿ, ಒಂದು ದಿನಾ ಎಲ್ಲಾರೂ ಬಂದು ನಿಂತು ನೋಡೂಣು, ಮಂದಿ ದಾಟೂದು ಖರೇ ಇದ್ರ ಹಂಪೂ ಹಾಕೂಣು, ದಾಟಾಕ ಬಿಳೇ ಪಟ್ಟೀನೂ ಬಳಿಯೂಣು ಅಂದ. ಯಾವತ್ತ ಅಂದ್ರ ಕರಬಸಪ್ಪನವರು ಅಮಾಸಿ ಅಂದ್ರು. ಸಮಿತ್ಯಾಗ ಇರೂವರೆಲ್ಲಾ ವ್ಯಾಪಾರಸ್ಥರು, ಉಳದ ದಿನಾ ಯಾರಿಗೆ ಪುರಸತ್ತೈತಿ? ಅಮಾಸಿ ದಿನಾ ಮೆಣಸಿನಕಾಯಿ ವ್ಯಾಪಾರ ಬಂದ್, ಅಂಗಡಿ ಪೂಜಾ ಮುಗಿಸಿದ್ರ ಎಲ್ಲಾರೂ ಖಾಲಿ. ರಸ್ತೆ ನೋಡಾಕ ಪ್ಯಾಟಿ ಬಂದ್ ಇರೂ ದಿನಾ ಹುಡುಕಿದ್ರು. ಇಂಥಾ ಶಾಣ್ಯಾತನ ನಮ್ಮ ಬ್ಯಾಡಗಿಯವರಿಗಷ್ಟs ಹೊಳಿತೈತಿ.

ನಾ ಏನ್ ಮಾಡ್ಲಿ ಹೇಳು. ಗಂಡಸರ ನಡುವ ಒಬ್ಬಾಕಿ ಹೆಂಗಸು. ಅಮಾಸಿ ಬ್ಯಾಡ್ರಿ ಅಂದೆ... ಅಂದೆ ಅನಸ್ತೈತಿ. ಸಣ್ಣ ದನೀಲೆ ಅಂದಿರಬೇಕು, ಯಾರಿಗೂ ಕೇಳಲಿಲ್ಲ. ಹೌದವಾ, ನನಗೂ ಸಣ್ಣ ದನಿ ಐತಿ, ಬೇಕಾದಾಗ.

ಬಂದ್ರು, ನಿಂತ್ರು. ರಸ್ತೆ ಬಿಕೋ ಅಂತಿತ್ತು. ಒಂದು ನಾಯಿ ನಟ್ಟನಡುವ ಮಲಗಿತ್ತು, ಕಾಗಿನೆಲೆ ಬಸ್ಸಿನವ ಹಾರ್ನ್ ಹೊಡದ್ರೂ ಏಳಲಿಲ್ಲ. ಎಂಜಿನಿಯರ ನನ್ನ ಕಡೆ ತಿರುಗಿ, ಮೇಡಂ, ಹೆಣ್ಮಕ್ಕಳು ಹಿಂಡಗಟ್ಟಲೆ ದಾಟ್ತಾರ ಅಂದಿದ್ರಿ, ಎಲ್ಲಿ ಅದಾರ ಅಂತ ಕೇಳಿದ. ಎಲ್ಲಾರೂ ನಕ್ರು. ನಾ ಸೆರಗು ಸರಿ ಮಾಡ್ಕೊಂಡೆ. ಇಲ್ಲಿ ಹಂಪ್ ಬ್ಯಾಡ ಅಂತ ಅಲ್ಲೇ ತೀರ್ಮಾನ ಆತು. ನಮ್ಮ ಮನಿಯವರು ಎಲ್ಲಾರಿಗೂ ಚಾ ಕುಡಿಸಿ ಕಳಿಸಿದ್ರು.

ಯಾಕ ಹಂಗ ನೋಡ್ತಿ? ...ಗೊತ್ತೈತಿ, ಗೊತ್ತೈತಿ. ವ್ಯಾಪಾರ ಬಂದ್ ಇದ್ರೂ ನಿಮ್ಮ ಕೆಲಸ ಬಂದ್ ಇರೂದಿಲ್ಲ. ತೊಟ್ಟು ಬಿಡಸೂದು ಅಮಾಸಿ, ಹುಣ್ಣಿವಿ ಅಂತ ಕಾಯೂದಿಲ್ಲ. ಉಳದ ಅಮಾಸಿಗೆಲ್ಲಾ ನೀವು ಬರೂವರs. ಅವತ್ತ ಯಾಕೋ... ಯಾರೂ ಇರಲಿಲ್ಲ ರಸ್ತೇದಾಗ. ಆಗಿದ್ದು ಆಗಿಹೋತು ಬಿಡು. ಹುಗ್ಗಿ ಆರತೈತಿ, ಒಂದು ತುತ್ತು ಬಾಯಾಗ ಹಾಕ್ಕೋ.

ಆಮ್ಯಾಲೆ ತಿಂತೀಯೇನು? ಹೂಂ.

ನಮ್ಮ ಮನಿಯವರಿಗೆ ಆ ಹಂಪ್ ಬೇಕಾಗಿರಲಿಲ್ಲ, ಅದೇನು ಮುಚ್ಚೂ ಮಾತಲ್ಲ. ಗೋದಾಮಿನ ಮುಂದ ಬಿಳೇ ಪಟ್ಟಿ ಬಳದ್ರ ಅಲ್ಲಿ ಲಾರಿ ನಿಂದ್ರಸಾಕ ಪೊಲೀಸರು ಬಿಡೂದಿಲ್ಲ, ಮತ್ತ ಚೀಲಾ ಎಲ್ಲಿ ತುಂಬೂದು ಅಂತ ಅವರ ಚಿಂತಿ. ಲಾರಿ ನಿಂತ್ರs ನಮ್ಮ ಮನಿ ನಡಿತೈತಿ, ನಿಮ್ಮ ಮನೀನೂ ನಡಿತೈತಿ, ಹೌದಿಲ್ಲೋ? ಆದ್ರ ಅವರು ಸಮಿತ್ಯಾಗ ಇಲ್ಲ. ಸಮಿತ್ಯಾಗ ಇದ್ದಾಕಿ ನಾನು.

ಈಗ ಮುಖ್ಯ ಮಾತು ಕೇಳು. ದೇವವ್ವಂದು ಪೇಪರಿನ್ಯಾಗ ಬಂದಮ್ಯಾಲೆ ಕರಬಸಪ್ಪನವರು ಹೆದರ್ಯಾರ. ಮತ್ತೊಮ್ಮೆ ನೋಡೂಣು ಅಂದ್ರು. ಈ ಸಲ ನಾ ಪಟ್ಟು ಹಿಡದೆ. ಸೋಮವಾರs ಬರಬೇಕು, ಪ್ಯಾಟಿ ಭರ್ತಿ ಇರೂ ದಿನಾ ಬರಬೇಕು ಅಂತ ದೊಡ್ಡ ದನೀಲೆ ಅಂದೆ. ಮನ್ಯಾಗ ಜಗಳಾ ಆತು. ಆಗ್ಲಿ. ಆದ್ರ ಒಂದು ತ್ರಾಸ ಐತಿ ಮುತ್ತವ್ವ. ದೇವವ್ವ ಬಿದ್ದಾಗಿಂದ ನಿಮ್ಮ ಓಣಿಯವರು ಯಾರೂ ಅಲ್ಲಿ ದಾಟವಲ್ರು. ಬಸ್ ಸ್ಟ್ಯಾಂಡ್ ಕಡಿಯಿಂದ ಸುತ್ತ ಹಾಕ್ಕೊಂಡು ಬರ್ತಾರ, ಅರ್ಧಾ ಮಂದಿ ಕೆಲಸಕ್ಕs ಬರವಲ್ರು. ನಾಳೆ ಎಂಜಿನಿಯರ ಬಂದು ನಿಂತಾಗ ಮತ್ತ ರಸ್ತೆ ಖಾಲಿ ಇತ್ತಂದ್ರ ಮುಗೀತು, ಈ ಜನ್ಮದಾಗ ಅಲ್ಲಿ ಹಂಪ್ ಆಗೂದಿಲ್ಲ. ಮತ್ತ ಯಾವಾಕಿನೋ ಬೀಳ್ತಾಳ.

ಅದಕ್ಕ ನಾಳೆ ಎಲ್ಲಾರೂ ಅಲ್ಲೇ ದಾಟಬೇಕು. ಪೊಲೀಸರು ಇರ್ತಾರ, ನಾನೂ ನಡುವ ನಿಂದರ್ತೇನಿ, ಹೆದರೂದು ಬ್ಯಾಡ. ನನ್ನ ಮಾತು ಯಾರೂ ನಂಬೂದಿಲ್ಲ, ನಿನ್ನ ಮಾತಂದ್ರ ಇಡೀ ಓಣಿ ಕೇಳತೈತಿ. ಲಗೂನ ಎದ್ದು ಒಂದು ಸುತ್ತ ಹೋಗಿ ಬಂದಬಿಡು, ಮನಿಮನಿಗೂ. ಆವಾಗ ನೀ ಹೋಗಿ ಹೇಳಿ ಬಂದಿದ್ದಿಯಲ್ಲ, ಹಂಗs.

ಏಳವಾ.

...ಯಾವಾಗ ಅಂದ್ರ? ಆವಾಗ. ಮೊದಲೊಮ್ಮೆ ಹೋಗಿದ್ದಿ, ನಾ ಹೇಳಿ ಕಳಿಸಿದಾಗ. ಹಬ್ಬಕ್ಕೋ ಏನಕ್ಕೋ, ಯಾರಿಗೆ ನೆನಪೈತಿ? ಈಗ ಅದನ್ಯಾಕ ಕೆದರ್ತಿ? ಹೊತ್ತು ಹೋಗಾಕತ್ತೈತಿ, ಏಳು. ...ಮುತ್ತವ್ವ? ಡಬ್ಬಿ ಯಾಕ ಹಂಗ ನೋಡಾಕತ್ತಿ? ಹುಗ್ಗಿ ಅದು. ಬ್ಯಾರೇ ಏನಿಲ್ಲ ಅದರಾಗ. ಗೋಧಿ, ಬೆಲ್ಲಾ...

...ಗೋಧಿ, ಬೆಲ್ಲಾ.

ಹೌದು. ಅವತ್ತೂ ಅದನ್ನs ಕೊಟ್ಟಿದ್ನಿ ನಿನ್ನ ಉಡಿಯಾಗ. ಅಮಾಸಿ ಹಿಂದಿನ ದಿನಾ, ಸಂಜೀಕ. ನಾಳೆ ಯಾರೂ ಕೆಲಸಕ್ಕ ಬರಬ್ಯಾಡ್ರಿ, ಪಗಾರ ಮುರಿಯೂದಿಲ್ಲ, ಮನ್ಯಾಗ ಹುಗ್ಗಿ ಮಾಡ್ಕೊಂಡು ಉಣ್ರಿ ಅಂತ ಓಣಿಗೆಲ್ಲಾ ಹೇಳಿ ಬಾ ಅಂದೆ. ನೀ ಖುಷೀಲೆ ಓಡಿದಿ. ಅದು ಬ್ಯಾರೇ ಮಾತು ಮುತ್ತವ್ವ. ಅದಕ್ಕೂ ಇದಕ್ಕೂ ಏನ್ ಸಂಬಂಧ? ಸೀಜನ್ನಿನ್ಯಾಗ ನಿಮಗ ದಣಿವಾಗಿತ್ತು, ಒಂದು ದಿನಾ ಆರಾಮ ಇರ್ಲಿ ಅಂತ... ಹಿಂದ ಯಾವಾಗರ ಅಮಾಸಿಗೆ ರಜಾ ಕೊಟ್ಟೀರೇನು ಅಂತೀಯೇನು? ಅನ್ನಬಾರದೇನು? ಬಾಯಿ ಬಿಟ್ಟು ಅನ್ನು. ಬೈಯಿ. ನೀ ಬೈದ್ರ ನಾನೂ ಏನಾರ ತಿರಗಿ ಅಂತಿದ್ನಿ.

ಹ್ಯಾಂಗರ ಮಾಡಿ ಆ ಹಂಪ್ ತಪ್ಪಸು ಅಂತ ನಮ್ಮ ಮನಿಯವರು ಅಂದದ್ದು ಖರೇ. ರಜಾದ ಮಾತು ಅವರದಲ್ಲ. ಅದು ನನ್ನ ತಲಿ. ಒಂದು ದಿನಾ ಹೆಣ್ಮಕ್ಕಳು ಬರದಿದ್ರ ಆತೆಲ್ಲ, ಯಾರ ಜೋಡಿನೂ ಜಗಳಾ ಬ್ಯಾಡ, ಅವರಿಗೂ ಖುಷಿ, ಇವರಿಗೂ ಖುಷಿ ಅಂದೆ. ಭಾರೀ ಶಾಣ್ಯಾಕಿ ಅದೀ ಅಂತ ಅವರು ನಕ್ರು. ನಾನೂ ನಕ್ಕೆ. ನಿನ್ನs ಯಾಕ ಕಳಿಸಿದೆ ಅಂದ್ರ, ನೀ ಹೇಳಿದ್ರ ಯಾರೂ ಯಾಕ ಅಂತ ಕೇಳೂದಿಲ್ಲ. ನನಗ ನಾಚಿಕಿ ಆಗತೈತಿ ಮುತ್ತವ್ವ. ನಿನ್ನ ತಂಗಿ ಕಾಲು ಹೋಗೂ ಕೆಲಸಕ್ಕ ನಿನ್ನs ಮನಿಮನಿ ತಿರಗಸಿದೆ.

ಅಮಾಸಿ ಮರುದಿನಾ ದೇವವ್ವ ಕೆಲಸಕ್ಕ ಬಂದಾಕೀನs ಏನಂದ್ಲು ಗೊತ್ತೇನು? ಅಕ್ಕಾರ, ಎಲ್ಲಾರೂ ಹೊಟ್ಟಿ ತುಂಬ ಉಂಡ್ವಿರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅಂದ್ಲು. ಇರ್ಲಿ ಬಿಡವಾ ಅಂದೆ ನಾನು. ಆಮ್ಯಾಲೆ ಆಕಿ ಬಿದ್ದ ದಿನಾ ನಾ ಗೋದಾಮಿನ ಒಳಗs ಇದ್ದೆ. ಬ್ರೇಕ್ ಹಾಕಿದ ಸದ್ದು ಕೇಳ್ತು, ನೀ ಚೀರಿದ್ದು ಕೇಳ್ತು. ಎಲ್ಲಾರೂ ಹೊರಗ ಓಡಿದ್ರು. ನಾ ಚೀಲದ ಮ್ಯಾಲ ಕುಂತುಬಿಟ್ಟೆ.

ಆತು, ನೀ ಹೋಗಬ್ಯಾಡ. ನಾನs ಹೋಗ್ತೇನಿ ಓಣಿಗೆ, ಮನಿಮನಿಗೂ. ಹೋಗಿ ಏನಂತ ಹೇಳ್ಲಿ? ನಾಳೆ ಆ ರಸ್ತೆ ದಾಟ್ರಿ ಅಂದ್ರ, ಯಾಕ್ರಿ ಅಕ್ಕಾರ, ಹೋದ ಸಲ ಯಾಕ ಬ್ಯಾಡಂದ್ರಿ ಅಂತ ಕೇಳ್ತಾರ. ಕೇಳ್ಲಿ. ಕೇಳಿದ್ರ ಹೇಳ್ತೇನಿ. ಹಂಪ್ ಆದ್ರ ಸಾಕು ನನಗ.

ಎದ್ದಿ? ನೀನೂ ಬರ್ತೀಯೇನು ನನ್ನ ಜೋಡಿ? ...ಆ ಕಡೆ ಎಲ್ಲಿಗೆ? ಮುತ್ತವ್ವ, ಒಳಗಿನ ಬಾಗಲಾ ತಗೀಬ್ಯಾಡ. ಡಬ್ಬಿ ಯಾಕ ಒಯ್ತಿ? ಮಲಗ್ಲಿ ಆಕಿ. ಹಂಪ್ ಆಗ್ಲಿ, ಆಮ್ಯಾಲೆ ನಾನs ಬಂದು ಆಕಿ ಮುಂದ ಕುಂತು ಹೇಳ್ತೇನಿ. ಇವತ್ತ ಬ್ಯಾಡ. ನಿನ್ನ ಕಾಲಿಗೆ ಬೀಳ್ತೇನಿ, ಇವತ್ತ ಬ್ಯಾಡ...

...ಎಚ್ಚರ ಅದೀಯೇನು ದೇವವ್ವ. ಹೂಂ, ನಾನವಾ, ಸುರೇಖಾ. ಈಗs ಬಂದೆ. ಹೌದು, ಹುಗ್ಗಿ, ನಾನs ಮಾಡೇನಿ... ಇಲ್ಲ ದೇವವ್ವ, ಆ ಮಾತು ಅನಬ್ಯಾಡ. ನನ್ನ ಹೊಟ್ಟಿ ತಣ್ಣಗಿರ್ಲಿ ಅಂತ ಮತ್ತ ಅನಬ್ಯಾಡ. ಡಬ್ಬಿ ಕೆಳಗ ಇಡು. ಮೊದಲ ನಾ ಹೇಳೂದು ಕೇಳು.