ಅದಲುಬದಲಾದ ನಂಬರು

ವಿಮಾನ ಹತ್ತುವ ಸಾಲಿನಲ್ಲಿ ನನ್ನ ಮುಂದಿದ್ದ ಗಂಡ ಹೆಂಡತಿ ಇಬ್ಬರ ಕೊರಳಲ್ಲೂ ಹಾಫ್ ಮ್ಯಾರಥಾನ್ ಪದಕಗಳಿದ್ದವು. ಗಂಡ ಕುಂಟುತ್ತಿದ್ದ.

"ಪರದೇಶಕ್ಕೆ ಬಂದು ಎರಡು ಗಂಟೆಯಲ್ಲಿ ಓಡಿ ಮುಗಿಸಿದ್ದು ನಾನು. ಸರ್ಟಿಫಿಕೇಟಲ್ಲಿ ಹೆಸರು ನಿಮ್ಮದು."

"ನೀನು ಮಲಗಿದ್ದೆ, ಎಬ್ಬಿಸೋದು ಬೇಡ ಅಂತ ನಾನೇ ಇಬ್ಬರ ಅಂಗಿಗಳಿಗೂ ಓಟದ ನಂಬರ್ ಚೀಟಿ ಪಿನ್ ಮಾಡಿದೆ. ಅದಲುಬದಲಾಯ್ತು ಕಣೇ."

"ನಿಮ್ಮ ಮೂರೂವರೆ ಗಂಟೆ ನನ್ನ ತಲೆಗೆ. ಮಗ ಓಡಿದ, ಸೊಸೆ ತೆವಳಿದ್ಲು ಅಂತ ನಿಮ್ಮಮ್ಮ ನೆಂಟರಿಗೆಲ್ಲ ಸಾರಿದ್ದಾರೆ."

"ತಿದ್ದಿ ಅಂತ ಸ್ಪರ್ಧೆಯವರಿಗೆ ಬರೆದಿದ್ದೀನಲ್ಲ."

"ನಿಮ್ಮಮ್ಮನಿಗೆ ಹೇಳಿದ್ರಾ?"

ಆತ ತಲೆ ತಗ್ಗಿಸಿ ಫೋನ್ ಮಾಡಿದ. "ಅಮ್ಮಾ, ತೆವಳಿದ್ದು ನಾನು. ಓಡಿದ್ದು ನಿನ್ನ ಸೊಸೆ."

"ಜೋರಾಗಿ ಹೇಳಿ."

ಆತ ಜೋರಾಗಿ ಹೇಳಿದ. ಸಾಲೆಲ್ಲ ತಿರುಗಿ ನೋಡಿತು.

"ಇನ್ನು ನೆಂಟರಿಗೆ, ಒಬ್ಬೊಬ್ಬರಿಗೂ ಹೇಳಿ," ಎನ್ನುತ್ತ ಆಕೆ ಆತನ ಚೀಲವನ್ನೂ ತನ್ನ ಹೆಗಲಿಗೇರಿಸಿಕೊಂಡು ಮುಂದೆ ನಡೆದಳು.