ಸದ್ದಿಲ್ಲದ ಕಸದ ಗಾಡಿ

ಕಿವಿನೋವೆಂದು ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದ ದರ್ಜಿಯಮ್ಮನ ಎಡಗಿವಿಯಲ್ಲಿ ಹತ್ತಿ ತುರುಕಿತ್ತು. ಆದರೇನು, ಪಕ್ಕದ ಬೆಂಚಿನ ಮಾತಿಗೆ ಬಲಗಿವಿ ನೆಟ್ಟಗಾಯಿತು. ಅಲ್ಲಿ ಕೂತಿದ್ದವರು ನಗರಸಭೆಯ ಖರೀದಿ ಅಧಿಕಾರಿ ಮತ್ತು ಕಸದ ಗಾಡಿಯ ಡ್ರೈವರು.

"ಏನ್ ಡ್ರೈವರಣ್ಣ, ನಾನು ಕೊಡಿಸಿದ ಬ್ಯಾಟರಿ ಗಾಡಿ ಹೇಗಿದೆ?"

"ಬಂಗಾರದಂಥ ಗಾಡಿ ಮೇಡಂ. ಹೊಗೆ ಇಲ್ಲ, ಸದ್ದೂ ಇಲ್ಲ." ಅವನ ದನಿ ಮೊಂಡು ಗರಗಸದಂತಿತ್ತು.

"ಮತ್ತೆ ಗಂಟಲಿಗೇನಾಯ್ತು?"

"ಸದ್ದಿಲ್ವಲ್ಲ, ಗಾಡಿ ಬಂದದ್ದು ಯಾರಿಗೂ ಗೊತ್ತಾಗಲ್ಲ. ಬೀದಿಬೀದೀಲಿ 'ಕಸಾ' ಅಂತ ನಾನೇ ಕೂಗ್ತೀನಿ."

"ಹಾರ್ನ್ ಇಲ್ವಾ?"

"ಇದೆ, ಸೊಳ್ಳೆ ಗುಯ್‌ಗುಟ್ಟಿದ ಹಾಗೆ."

"ಅಯ್ಯೋ, ಒಂದ್ ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ವಾಪಸ್ ಡೀಸೆಲ್ ಗಾಡೀನೇ ಕೊಟ್ಬಿಟ್ರೆ? ಅದರ ಹೊಗೆಗೆ ಎದೆನೇ ಹೋಗಿತ್ತು. ಈಗ ಗಂಟಲೊಂದೇ ತಾನೇ?"

ಅಧಿಕಾರಿ ಬಾಯ್ತುಂಬ ನಕ್ಕರು. "ನಾಳೇನೇ ದೊಡ್ಡ ಹಾರ್ನ್ ಕೊಳ್ತೀನಿ."

"ಕೊಳ್ಳೋದ್ಯಾಕೆ? ಹಳೇ ಗಾಡೀದು ಶೆಡ್ಡಲ್ಲಿ ಬಿದ್ದಿದೆ. ಕಿತ್ತು ಇದಕ್ಕೆ ಹಾಕಿದ್ರಾಯ್ತು."

"ಹೌದಲ್ವಾ! ನಾಳೆಯಿಂದ ನನ್ನ ಕುರ್ಚೀಲಿ ನೀವೇ ಕೂತ್ಕೊಳ್ಳಿ."

ನರ್ಸು ಕರೆದಳು. ಡ್ರೈವರು ಒಳಕ್ಕೆ ಹೊರಟ. ಹಿಂದಿನಿಂದ ದರ್ಜಿಯಮ್ಮ ಗಟ್ಟಿಯಾಗಿ ಕೂಗಿ ಹೇಳಿದಳು:

"ಅಣ್ಣಾ, ಬೇಗ ಹಾಕಿಸಪ್ಪಾ! ನೀನು ಅಷ್ಟು ಕೂಗಿದ್ರೂ ನಮ್ಮನೆ ಕಸ ಇನ್ನೂ ಹಿತ್ತಲಲ್ಲೇ ಇದೆ!"