ಜೀಪು ಕಾಯ್ತಾ ಇದೆ, ಅಕ್ಕಾ

...ಕಾಲಿಗೆ, ಆಂಜಿನಮ್ಮಕ್ಕಾ, ಕಾಲಿಗೆ! ತಲೆ ಯಾಕೆ ಮುಟ್ಕೊಂಡು ತೋರಿಸ್ತೀಯ? ತಲೆಗೆ ಅಂತ ಯಾರು ಹೇಳಿದ್ರು ನಿಂಗೆ? ಊರ ಜನದ ಬಾಯಿ... ಬಿಡು. ನಿನ್ನ ಮಗನ ಬಲಗಾಲಿಗೆ ಏಟು ಬಿದ್ದಿದೆ, ಅಷ್ಟೇ. ಕೋಲಾರದ ಆಸ್ಪತ್ರೇಲಿ ಮಲಗಿಸಿದ್ದೀವಿ. ನಿನ್ನ ಕರ್ಕೊಂಡು ಬಾ ಅಂತ ಎಸ್‌ಐ ಸಾಹೇಬ್ರೇ ಜೀಪು ಕೊಟ್ಟು ಕಳಿಸಿದ್ರು. ಈ ವೆಂಕಟರಮಣಪ್ಪನಂಥ ಪೇದೆಗೆ ಯಾವತ್ತಾದ್ರೂ ಜೀಪು ಕೊಟ್ಟಿದ್ದುಂಟಾ? ಸೈಕಲ್ಲು ತುಳಿದೂ ತುಳಿದೂ ಮಂಡಿ ಸವೆದವನು ನಾನು!

ಯಾಕಕ್ಕಾ ಹಂಗೆ ನೋಡ್ತೀಯ? ಜೀಪು ಯಾಕೆ ಅಂತಾನಾ? ಅದು... ಬಸ್ಸು ಲೇಟು ಅಲ್ವಾ, ಅದಕ್ಕೆ.

ಇಲ್ಲ ಇಲ್ಲ, ಒಳಗೆ ಬರಲ್ಲ. ರೇಷ್ಮೆ ಹುಳ ಸಾಕೋ ಮನೆ, ಬೂಟು ಬೇರೆ ಹಾಕ್ಕೊಂಡಿದ್ದೀನಿ. ಇಲ್ಲೇ ಹೊಸಿಲಾಚೆ ನಿಂತಿರ್ತೀನಿ. ನೀನು ಸೊಪ್ಪು ಹೆಚ್ಚಿ ಹಾಕ್ಬಿಡು, ಪಾಪ, ಹಸ್ಕೊಂಡಿರ್ತಾವೆ. ಆದ್ರೆ ಬೇಗ. ಬೇಗ ಅಂದ್ರೆ... ಗಾಬರಿ ಏನಿಲ್ಲ.

ನಿನ್ನ ಚನ್ನರಾಯಪ್ಪ ಮಾಡಿರೋ ಕೆಲಸ ಕೇಳಿದ್ರೆ ಎದೆ ಉಬ್ಬುತ್ತೆ ನಿಂಗೆ. ನೆನಪಿದೆಯಾ ಆ ಮೀಟಿಂಗು? ಎಮರ್ಜೆನ್ಸಿ ಮುಗಿದ ಹೊಸದು, ಖಾಕಿ ಕಂಡ್ರೆ ಸಾಕು ಜನ ಬಾಗಿಲು ಹಾಕ್ಕೋತಿದ್ರು. ಸಾಹೇಬ್ರು ನನ್ನ ಕರೆದು, "ವೆಂಕಟರಮಣಪ್ಪ, ಊರೂರಲ್ಲೂ ಗ್ರಾಮ ರಕ್ಷಣಾ ದಳ ಮಾಡ್ಬೇಕು, ಪೊಲೀಸ್ರು ನಮ್ಮೋರು ಅಂತ ಜನಕ್ಕೆ ಅನ್ನಿಸ್ಬೇಕು" ಅಂದ್ರು. ಅರಳಿಕಟ್ಟೆ ಹತ್ರ ನಿಂತು ಅರ್ಧ ಗಂಟೆ ಅರಚಿದೆ ಕಣಕ್ಕಾ, ಒಬ್ಬ ಕೈ ಎತ್ತಲಿಲ್ಲ! ಆಮೇಲೆ ನಿನ್ನ ಮಗ ಎದ್ದ. ಪಂಚೆ ಕೊಡವಿಕೊಂಡು, "ನಾನು ಬರ್ತೀನಿ ಸಾರ್" ಅಂದ. ಅವನು ಎದ್ದ ಮೇಲೆ ಮಿಕ್ಕ ಹುಡುಗ್ರು ಎದ್ದಿದ್ದು. ಲಾಠಿ, ಬ್ಯಾಟ್ರಿ ಕೊಟ್ಟೆ. ಸೀಟಿ ಮಾತ್ರ ನಾನೇ ನನ್ನ ಕೈಯಾರೆ ಅವನ ಕೊರಳಿಗೆ ಹಾಕ್ದೆ. ನೀನು ನಕ್ಕುಬಿಟ್ಟೆ. "ನನ್ನ ಮಗನ್ನ ಬಿಟ್ಟಿ ಪೊಲೀಸ್ ಮಾಡ್ಬಿಟ್ರಲ್ಲಪ್ಪಾ" ಅಂದೆ. ನಗು ಅಕ್ಕಾ ಈಗ್ಲೂ... ಒಂದ್ಸಲ.

ಅವತ್ತಿಂದ ಈ ಊರಲ್ಲಿ ಒಂದು ಪಂಪ್‌ಸೆಟ್ ಕಳುವಾಗಿದೆಯಾ? ಹೇಳು! ಸುತ್ತಮುತ್ತ ಬಾವಿಗೆ ಬಾವಿನೇ ಬರಿದು ಮಾಡಿ ಮೋಟ್ರು ಹೊತ್ಕೊಂಡು ಹೋದ್ರು, ನಿಮ್ಮೂರ ಕಡೆ ತಲೆ ಹಾಕಿರ್ಲಿಲ್ಲ.

ಇವತ್ತು... ಗಸ್ತು ಮುಗಿಸಿ ಹುಡುಗ್ರೆಲ್ಲ ಮನೆಗೆ ಹೋಗಿದ್ದಾರೆ. ಬೆಳ್ಳಗೆ ಬೆಳಕು ಹರಿದಿದೆ. ಇವನೊಬ್ಬ ಮುಖ ತೊಳಿಯೋಕೆ ಕೆರೆ ಕಡೆ ಹೋದ್ನಂತೆ. ನೋಡ್ತಾನೆ, ಮುನಿಯಲ್ಲಪ್ಪನ ಬಾವಿ ಹತ್ರ ನಾಲ್ಕು ಜನ ಮೋಟ್ರು ಎತ್ತಿ ಮೆಟಾಡೋರ್‌ಗೆ ಹಾಕ್ತಾ ಇದ್ದಾರೆ. ಓಡಿ ಬರ್ಬೋದಿತ್ತಲ್ವಾ? ಬರ್ಲಿಲ್ಲ. ವ್ಯಾನಿಗೆ ಅಡ್ಡ ನಿಂತು ಸೀಟಿ ಊದ್ದ. ಊದ್ತಾನೇ ಇದ್ದ. ಯಾರಿಗೂ ಕೇಳಿಸ್ಲಿಲ್ಲವಂತೆ. ಎಲ್ರಿಗೂ ಜೋರು ನಿದ್ದೆಯಂತೆ...

ಕತ್ತಿ ಯಾಕೆ ನಿಲ್ಲಿಸ್ಬಿಟ್ಟೆ ಅಕ್ಕಾ?

ನಿಂಗೆ... ಕೇಳಿಸ್ತಾ?

ಅಯ್ಯೋ. ದಿನಾ ಮನೆ ಕಡೆ ಬರೋವಾಗ ಊದ್ತಿದ್ನಲ್ಲ ಕಳ್ಳನನ್ಮಗ, "ಅಮ್ಮಾ, ನೀರು ಕಾಯಿಸು" ಅಂತ ತಮಾಷೆಗೆ. ನಂಗೂ ಹೇಳಿದ್ದ. ಹಂಗೇ ಅಂದ್ಕೊಂಡು ಒಲೆ ಹಚ್ಚಿದ್ಯಾ? ಬಿಡು, ಅದ್ರಲ್ಲಿ ನಿನ್ನ ತಪ್ಪೇನಿದೆ? ನಂಗೆ ನೋಡು, ಮೂರು ಮೈಲಿ ಆಚೆ ಹೋಳೂರಲ್ಲಿದ್ದೆ, ಸೀಟಿ ಕೇಳಿಸೋಕೆ ಸಾಧ್ಯಾನೇ ಇಲ್ಲ. ಆದ್ರೂ ಬೆಳಿಗ್ಗೆಯಿಂದ ಕಿವೀಲಿ ಅದೇ. ಈಗ ಬರ್ತಾ ದಾರೀಲಿ ಡ್ರೈವರ್‌ನ ಕೇಳ್ದೆ, "ಲೇ, ಯಾರೋ ಸೀಟಿ ಊದ್ತಾ ಇದ್ದಾರೆ, ನಿಲ್ಸೋ" ಅಂತ. "ಗಾಳಿ ಸಾರ್ ಅದು" ಅಂದ. ಗಾಳಿ ಎಲ್ಲಿತ್ತಕ್ಕಾ? ಒಂದೆಲೆ ಅಲ್ಲಾಡ್ತಿರ್ಲಿಲ್ಲ.

ಮೋಟ್ರು ಮಾತ್ರ ಹೋಗ್ಲಿಲ್ಲ! ಬಿಟ್ಟು ಓಡಿದ್ರು. ಮುನಿಯಲ್ಲಪ್ಪ ನೀರು ಕಟ್ಟೋಕೆ ಬಂದು ನೋಡಿ, ಸೈಕಲ್ ತುಳ್ಕೊಂಡು ನನ್ನ ಹತ್ರ ಓಡಿ ಬಂದ. ನಾನೇ ಕರ್ಕೊಂಡು ಹೋಗಿದ್ದು ಆಸ್ಪತ್ರೆಗೆ. ಸಾಹೇಬ್ರೇ ಜೀಪು ತಂದ್ರು, ಅದ್ರಲ್ಲಿ ನನ್ನ ತೊಡೆ ಮೇಲೇ ಅವನ ತಲೆ ಇಟ್ಕೊಂಡಿದ್ದೆ. ಚೆನ್ನಾಗಿ ಮಾತಾಡ್ದ ಅಕ್ಕಾ! "ಅಮ್ಮಕಿ ಚೆಪ್ಪೊದ್ದು ಸಾರ್" ಅಂದ. ಅಮ್ಮನಿಗೆ ಹೇಳ್ಬೇಡಿ, ಹೆದರ್ಕೋತಾಳೆ ಅಂತ. ಕೊನೇಗೂ ಅವನಿಗೆ ನಿನ್ನದೇ... ಕೊನೇಗೆ ಅಂದ್ರೆ, ಒಳಗೆ ಕರ್ಕೊಂಡು ಹೋಗೋಕೆ ಮುಂಚೆ. ನರ್ಸು ಬಂದ್ರಲ್ಲ, ಅದಕ್ಕೆ ಮುಂಚೆ.

ಪ್ಯಾಂಟು ಯಾಕೆ ನೋಡ್ತೀಯ?

ಒದ್ದೆ... ಹೂಂ, ಒದ್ದೆ. ಕೆಸರಾಗಿತ್ತು, ಆಸ್ಪತ್ರೆ ನಲ್ಲೀಲಿ ತೊಳ್ಕೊಂಡೆ. ಅಲ್ಲಿ ಅಲ್ಲಕ್ಕಾ, ತೊಡೆ ಮೇಲಲ್ಲ, ಪೂರ್ತಿ ಕೆಸರಾಗಿತ್ತು... ಕಾಲಿನ ರಕ್ತ ಅದು. ಕಾಲಿಂದೇ. ಆಣೆಗೂ...

ಮಾತಾಡಕ್ಕಾ. ಬಂದಾಗಿಂದ ನಾನೊಬ್ಬನೇ ಬಡ್ಕೋತಾ ಇದ್ದೀನಿ. ಬೈಯಿ. ನಿನ್ನ ಮಾತು ಕೇಳಿ ನನ್ನ ಮಗ ಹೋದ ಅಂತ... ಹೋದ ಅಂದ್ರೆ, ದಳಕ್ಕೆ ಹೋದ, ಸೇರ್ದ ಅಂತ. ಕಣ್ಣು ಮಿಟುಕಿಸದೆ ಹಂಗೆ ನೋಡ್ಬೇಡ ನನ್ನ.

ಎದ್ಯಾ? ಹಾಂ, ಬಾ ತಾಯಿ. ಹೊರಡೋಣ, ಜೀಪು ಕಾಯ್ತಾ ಇದೆ. ಬಾಗಿಲು ಈ ಕಡೆ ಅಕ್ಕಾ... ಒಳಗ್ಯಾಕೆ ಹೋಗ್ತೀಯ? ಸೆರಗು ತುಳಿದೀಯ, ನೋಡ್ಕೊಂಡು... ಬಿಂದಿಗೆ ಯಾಕೆ ಎತ್ಕೊಂಡೆ?

ಅಯ್ಯೋ! ನೀರೆಲ್ಲ ಒಲೆಗೆ ಸುರಿದ್ಬಿಟ್ಟೆಯಲ್ಲೇ ಅಕ್ಕಾ! ಉರೀತಿದ್ದ ಒಲೆ... ಬಚ್ಚಲದೂ ಆಯ್ತು... ಅಡುಗೆ ಒಲೇನೂನಾ? ಬೇಡಕ್ಕಾ, ಆರಿಸ್ಬೇಡ. ಒಲೆ ಆರಿಸೋದು ಸಾವಾದ ಮನೇಲಿ... ಬಿಂದಿಗೆ ಇಳಿಸು, ನನ್ನ ಮಾತು ಕೇಳು...

ನಾನಿನ್ನೂ ಹೇಳೇ ಇಲ್ಲವಲ್ಲಕ್ಕಾ. ನಾನಿನ್ನೂ ಹೇಳೇ ಇಲ್ಲ...